ಆರ್‌ಜಿಡಿ ಅಂಟಿಸಿದ ಕಣ ಮತ್ತು ಐಸ್ ಮೇಲಿನ ಪ್ಲೇಟು: ಒಂದು ಪ್ರಕರಣ ಅಧ್ಯಯನ

ಇದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಡೆದ ಪಿಎಚ್‌ಡಿ ಕೆಲಸದ ಕಥೆ. ಆಗ ನಾನು ಅದೇ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿದ್ದೆ. ವಿದ್ಯಾರ್ಥಿನಿಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ಗೈಡ್ ಅವರನ್ನು ಮೇಡಂ ಅಂತಲೇ ಬರೆಯುತ್ತೇನೆ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಗುರುತು ಸಿಗಬಾರದು ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ಕೆಲಸ ಏನಿತ್ತು

ಡಾಕ್ಸೋರೂಬಿಸಿನ್ ಹಳೆಯ ಕ್ಯಾನ್ಸರ್ ಔಷಧ. ಗಡ್ಡೆಯನ್ನು ಕೊಲ್ಲುತ್ತದೆ, ಜೊತೆಗೆ ಹೃದಯಕ್ಕೂ ಪೆಟ್ಟು ಕೊಡುತ್ತದೆ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿ ಕೊಟ್ಟರೆ ಹೃದಯಕ್ಕೆ ಆಗುವ ಪೆಟ್ಟು ಕಡಿಮೆ. ಡಾಕ್ಸಿಲ್ ಎಂಬ ಅಂಥ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು. ಆದರೆ ಆ ಗುಳ್ಳೆಗೆ ಗಡ್ಡೆ ಯಾವುದು, ಬೇರೆ ಅಂಗ ಯಾವುದು ಅಂತ ಗೊತ್ತಾಗುವುದಿಲ್ಲ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಸೋರಿ ಒಳಗೆ ಹೋದದ್ದು ಬೇಗ ಹೊರಗೆ ಬರುವುದಿಲ್ಲ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೆದಾ ತೋರಿಸಿದ್ದರು. ಗುಳ್ಳೆ ಗಡ್ಡೆಯಲ್ಲಿ ಸೇರಿಕೊಳ್ಳುವುದು ಮುಖ್ಯವಾಗಿ ಆ ಸೋರಿಕೆಯಿಂದ.

ಹಾಗಾದರೆ ಕಣದ ಮೈಮೇಲೆ ಗಡ್ಡೆಯನ್ನು ಗುರುತು ಹಿಡಿಯುವಂಥದ್ದೇನಾದರೂ ಅಂಟಿಸಿದರೆ? ಪೆಪ್ಟೈಡ್ ಬರುವುದು ಇಲ್ಲಿಗೆ. ಪೆಪ್ಟೈಡ್ ಅಂದರೆ ಕೆಲವೇ ಅಮೈನೋ ಆಮ್ಲಗಳ ಚಿಕ್ಕ ಸರ. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರ್ಕಿ ರುಓಸ್ಲಾಹ್ತಿ ಮತ್ತು ಅವರ ಸಹೋದ್ಯೋಗಿ ಒಂದು ವಿಷಯ ಕಂಡುಕೊಂಡರು. ಜೀವಕೋಶಗಳು ಫೈಬ್ರೋನೆಕ್ಟಿನ್ ಎಂಬ ದೊಡ್ಡ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅದಕ್ಕೆ ಇಡೀ ಪ್ರೋಟೀನು ಬೇಕಿಲ್ಲ, ಅದರೊಳಗಿನ ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಇರುವ ಒಂದು ಚಿಕ್ಕ ತುಣುಕು ಸಾಕು. ಆ ಮೂರರ ಸಂಕೇತಾಕ್ಷರ ಸೇರಿಸಿ ಅದಕ್ಕೆ ಆರ್‌ಜಿಡಿ ಎಂಬ ಹೆಸರು. ಇದು ಹಿಡಿಯುವುದು ಜೀವಕೋಶದ ಮೈಮೇಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳನ್ನು. ಅವುಗಳಲ್ಲಿ ಆಲ್ಫಾ-ವಿ-ಬೀಟಾ-3 ಎಂಬುದು ಹೊಸದಾಗಿ ಬೆಳೆಯುತ್ತಿರುವ ರಕ್ತನಾಳಗಳ ಮೇಲೆ ಜಾಸ್ತಿ ಇರುತ್ತದೆ. ಕೆಲವು ಮಿದುಳಿನ ಗಡ್ಡೆಗಳ ಜೀವಕೋಶದ ಮೇಲೂ ಇರುತ್ತದೆ.

ಸುಮಾಳ ಯೋಜನೆ ಹೀಗಿತ್ತು: ಪಿಎಲ್‌ಜಿಎ ಎಂಬ, ಮೈಯೊಳಗೆ ಕರಗಿಹೋಗುವ ಪ್ಲಾಸ್ಟಿಕ್‌ನಿಂದ ಸುಮಾರು 150 ನ್ಯಾನೋಮೀಟರ್ ಕಣ ಮಾಡುವುದು. ಕೂದಲಿನ ದಪ್ಪದ ಮುಂದೆ ಅದು ಸುಮಾರು 500 ಪಟ್ಟು ಚಿಕ್ಕದು. ಒಳಗೆ ಡಾಕ್ಸೋರೂಬಿಸಿನ್. ಹೊರಗೆ ಪೆಗ್ ಎಂಬ ನೀರು ಹಿಡಿಯುವ ಎಳೆಗಳು. ಆ ಎಳೆಗಳ ತುದಿಗೆ ಉಂಗುರದಂತೆ ಸುತ್ತಿದ ಆರ್‌ಜಿಡಿ. ಪರೀಕ್ಷೆಗೆ ಲ್ಯಾಬಿನಲ್ಲಿ ಬೆಳೆಸುವ ಎರಡು ಬಗೆಯ ಜೀವಕೋಶ: ಯು87 ಎಂಬ ಮಿದುಳಿನ ಕ್ಯಾನ್ಸರಿನವು ಮತ್ತು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರಿನವು. ಮೊದಲನೆಯದರ ಮೇಲೆ ಆ ಇಂಟೆಗ್ರಿನ್ ಜಾಸ್ತಿ, ಎರಡನೆಯದರ ಮೇಲೆ ತೀರಾ ಕಡಿಮೆ.

ಕಾಗದದ ಮೇಲೆ ನೋಡಿದರೆ ಇದರಲ್ಲಿ ಹೊಸದೇನೂ ಇಲ್ಲ. ಆರ್‌ಜಿಡಿ ಅಂಟಿಸಿದ ಕಣಗಳ ಬಗ್ಗೆ ಆಗಲೇ ರಾಶಿ ಪ್ರಬಂಧಗಳಿದ್ದವು. ಮೇಡಂ ಇದನ್ನು ಕೊಟ್ಟದ್ದೂ ಅದಕ್ಕೇ. "ದಾರಿ ತಿಳಿದಿರೋ ಕೆಲಸ, ಮೂರು ವರ್ಷಕ್ಕೆ ಮುಗಿಯತ್ತೆ" ಅಂದಿದ್ದರು. ಐದೂವರೆ ವರ್ಷ ಹಿಡಿಯಿತು.

ಬೆಳ್ಳಗಿನ ಪುಡಿ, ಹಸಿರು ಫೋಟೋ

ಪೆಪ್ಟೈಡ್ ಬಂದ ದಿನ ನೆನಪಿದೆ. ಕಿರುಬೆರಳಿನಷ್ಟು ಬಾಟಲಿ. ಲೇಬಲ್ಲಿನಲ್ಲಿ 5 ಮಿಲಿಗ್ರಾಂ. ತಳದಲ್ಲಿ ಬಿಳಿ ಹತ್ತಿಯ ಚೂರಿನಂಥದ್ದೇನೋ ಮೆತ್ತಿಕೊಂಡಿತ್ತು. ಇಂಥ ಬಾಟಲಿಯನ್ನು ಸುಮ್ನೆ ತೆಗೆಯಬಾರದು. ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಮುಚ್ಚಳಕ್ಕೆ ಅಂಟಿಕೊಂಡಿರುವ ಪುಡಿ ಗಾಳಿಗೆ ಹೋಗುತ್ತದೆ. ಇನ್ನೊಂದು ಮಾತು ಹೊಸಬರಿಗೆ ಯಾರೂ ಹೇಳುವುದಿಲ್ಲ. ಪೆಪ್ಟೈಡ್ ಸಾಮಾನ್ಯವಾಗಿ ಟ್ರೈಫ್ಲೋರೋ ಅಸಿಟೇಟ್ ಎಂಬ ಲವಣದ ಜೊತೆ ಬರುತ್ತದೆ, ಸ್ವಲ್ಪ ನೀರನ್ನೂ ಹಿಡಿದುಕೊಂಡಿರುತ್ತದೆ. ಹಾಗಾಗಿ 5 ಮಿಲಿಗ್ರಾಂ ಪುಡಿ ಅಂದರೆ 5 ಮಿಲಿಗ್ರಾಂ ಪೆಪ್ಟೈಡ್ ಅಲ್ಲ. ಸುಮಾ ಮೊದಲ ವರ್ಷದ ಲೆಕ್ಕವನ್ನೆಲ್ಲ ಲೇಬಲ್ ನೋಡಿಯೇ ಮಾಡಿದ್ದಳು.

ಕಣ ಜೀವಕೋಶದೊಳಗೆ ಹೋಯಿತೇ ಎಂದು ನೋಡಲು ಕೂಮರಿನ್-6 ಎಂಬ ಹಸಿರಾಗಿ ಹೊಳೆಯುವ ಬಣ್ಣವನ್ನು ಕಣದೊಳಗೆ ತುಂಬಿದಳು. ಎಲ್ಲರೂ ಬಳಸುವ ಬಣ್ಣ, ಅಗ್ಗ. ಯು87 ಜೀವಕೋಶಗಳ ಮೇಲೆ ಅರ್ಧ ಗಂಟೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪ್ಲೇಟಿನಲ್ಲಿ ಆರ್‌ಜಿಡಿ ಕಣ ಹಾಕಿದ ಗುಣಿಗಳು ದೀಪಾವಳಿಯ ಹಾಗೆ ಹೊಳೆಯುತ್ತಿದ್ದವು. ಪೆಪ್ಟೈಡ್ ಇಲ್ಲದ ಬರೀ ಕಣ ಹಾಕಿದ್ದು ಮಂಕು.

ಆ ಫೋಟೋ ಲ್ಯಾಬ್ ಮೀಟಿಂಗಿನಲ್ಲಿ ಬಂತು, ವಾರ್ಷಿಕ ವರದಿಯಲ್ಲಿ ಬಂತು. ಒಂದು ಸಮ್ಮೇಳನಕ್ಕೆ ಪೋಸ್ಟರ್ ಕೂಡ ಒಪ್ಪಿಗೆಯಾಯಿತು. ಅದನ್ನು ನೋಡಿ "ಸೂಪರ್" ಅಂದವರಲ್ಲಿ ನಾನೂ ಒಬ್ಬ. ಹೋಲಿಕೆಗೆ ಇಟ್ಟ ಬರೀ ಕಣ ಹೇಗೆ ಮಾಡಿದ್ದು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಐಸ್ ಮೇಲಿನ ಪ್ಲೇಟು

ಪ್ರಶ್ನೆ ಬಂದದ್ದು ಹೊರಗಿನಿಂದ. ಪಿಎಚ್‌ಡಿ ಸಮಿತಿಯಲ್ಲಿದ್ದ ಬೇರೆ ವಿಭಾಗದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು, "ಆರ್‌ಎಡಿ ಮಾಡಿದ್ದೀಯೇನಮ್ಮಾ?" ಅಂದರು. ಆರ್‌ಎಡಿ ಅಂದರೆ ನಡುವಿನ ಗ್ಲೈಸೀನ್ ತೆಗೆದು ಅಲ್ಲಿ ಅಲನೀನ್ ಇಟ್ಟ ಪೆಪ್ಟೈಡ್. ವ್ಯತ್ಯಾಸ ಒಂದು ಮಿಥೈಲ್ ಗುಂಪು, ಅಷ್ಟೇ. ಆದರೆ ಇಂಟೆಗ್ರಿನ್ ಅದನ್ನು ಹಿಡಿಯುವುದಿಲ್ಲ. ತೂಕ, ಚಾರ್ಜು, ಅಂಟಿಸುವ ವಿಧಾನ ಎಲ್ಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆರ್‌ಜಿಡಿ ನಿಜವಾಗಿ ಕೆಲಸ ಮಾಡುತ್ತಿದ್ದರೆ ಆರ್‌ಎಡಿ ಕಣ ಮಂಕಾಗಿ ಕಾಣಬೇಕು.

ಮಂಕಾಗಿ ಕಾಣಲಿಲ್ಲ. ಆರ್‌ಜಿಡಿಯಷ್ಟೇ ಹೊಳೆಯಿತು. ಎಂಸಿಎಫ್-7 ಮೇಲೆ ಹಾಕಿದರೆ, ಹಿಡಿಯಲು ಆ ಇಂಟೆಗ್ರಿನ್ ತೀರಾ ಕಡಿಮೆ ಇರುವ ಅವೂ ಹೊಳೆದವು.

ಸುಮಾ ಒಂದು ವಾರ ಪೆಪ್ಟೈಡ್ ಕಂಪನಿಯವರೇ ಬಾಟಲಿ ಅದಲುಬದಲು ಮಾಡಿರಬೇಕು ಎಂದುಕೊಂಡಳು. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹಾಕಿ ನೋಡಿದರೆ ಎರಡೂ ಸರಿಯಾಗಿಯೇ ಇದ್ದವು. ಆಗ ಹಳೆಯ ಪರೀಕ್ಷೆಯೊಂದನ್ನು ಮಾಡಿದೆವು. 4 ಡಿಗ್ರಿಯಲ್ಲಿ ಜೀವಕೋಶಗಳು ಕಣ ನುಂಗುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತವೆ. ಪ್ಲೇಟನ್ನು ಐಸ್ ಮೇಲಿಟ್ಟು, ಮೀಡಿಯಂ ಎಂಬ, ಜೀವಕೋಶ ಬೆಳೆಸುವ ದ್ರವವನ್ನು ತಣ್ಣಗೆ ಮಾಡಿ ಅದರಲ್ಲಿ ಕಣ ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿದರೆ ಒಳಗೆ ಕತ್ತಲೆ ಇರಬೇಕು.

ಸಂಜೆ ಏಳರ ಹೊತ್ತು. ಮೈಕ್ರೋಸ್ಕೋಪ್ ಕೋಣೆಯಲ್ಲಿ ದೀಪ ಆರಿಸಿತ್ತು. ಸುಮಾ ಕಣ್ಣಿಟ್ಟು ನೋಡಿ, ಎದ್ದು ನನಗೆ ಜಾಗ ಬಿಟ್ಟಳು. ಏನೂ ಹೇಳಲಿಲ್ಲ. ಒಳಗೆಲ್ಲ ಹಸಿರು. ಚುಕ್ಕೆಚುಕ್ಕೆಯಾಗಿ ಅಲ್ಲ, ಇಡೀ ಜೀವಕೋಶ ಒಂದೇ ಸಮ, ಹಸಿರು ನೀರಲ್ಲಿ ಅದ್ದಿದ ಹಾಗೆ. ಕಣ ಒಳಗೆ ಹೋಗಿದ್ದರೆ ಚುಕ್ಕೆಗಳು ಕಾಣುತ್ತವೆ. ಇದು ಕಣ ಅಲ್ಲ, ಬರೀ ಬಣ್ಣ.

ಮಾರನೇ ದಿನ ಮೇಡಂ ಕೇಳಿದ್ದು ಒಂದೇ ಮಾತು: "ಸ್ಪಿನ್ ಮಾಡಿ ಮೇಲಿನ ತಿಳಿ ಹಾಕಿ ನೋಡಿದ್ಯಾ?" ಕಣಗಳನ್ನೆಲ್ಲ ಜೋರಾಗಿ ತಿರುಗಿಸಿ ತಳಕ್ಕೆ ಕೂರಿಸಿ, ಮೇಲಿನ ತಿಳಿನೀರನ್ನು ಮಾತ್ರ ಜೀವಕೋಶದ ಮೇಲೆ ಹಾಕಿದೆವು. ಹೊಳೆಯಿತು.

ಆಮೇಲೆ ಬಿಡಿಸಿ ನೋಡಿದಾಗ ಗೊತ್ತಾಯಿತು. ಕೂಮರಿನ್-6 ಎಣ್ಣೆಗೆ ಒಲಿಯುವ ಬಣ್ಣ. ಕಣದಿಂದ ಜಾರಿ ಜೀವಕೋಶದ ಕೊಬ್ಬಿನ ಪೊರೆಗೆ ಸೇರುವುದು ಅದಕ್ಕೆ ಸಲೀಸು. ಪೆಪ್ಟೈಡ್ ಅಂಟಿಸುವಾಗ ಕಣಗಳು ರಾತ್ರಿಯಿಡೀ ಬಫರಿನಲ್ಲಿ ತಿರುಗುತ್ತಿದ್ದವು. ಆಮೇಲೆ ಮೂರು ಸಲ ತಿರುಗಿಸಿ ತೊಳೆದು, ಸೋನಿಕೇಟರ್ ಎಂಬ ಯಂತ್ರದ ಶಬ್ದದ ಅಲೆಗಳಿಂದ ಅಲುಗಿಸಿ ಬಿಡಿಸುತ್ತಿದ್ದಳು. ಇದರಲ್ಲಿ ಬಣ್ಣ ಸಡಿಲವಾಗಿ ಮೇಲ್ಮೈಗೆ ಬಂದಿತ್ತು. ಬರೀ ಕಣಕ್ಕೆ ಈ ಯಾವ ಶಿಕ್ಷೆಯೂ ಆಗಿರಲಿಲ್ಲ, ಅದಕ್ಕೇ ಅದು ಮಂಕು. ನಾವು ಒಂದು ವರ್ಷ ನೋಡಿದ್ದು ಪೆಪ್ಟೈಡಿನ ಕೆಲಸವನ್ನಲ್ಲ, ತೊಳೆಯುವಿಕೆಯ ವ್ಯತ್ಯಾಸವನ್ನು.

ಪೋಸ್ಟರ್ ಏನು ಮಾಡುವುದು? ಸಮ್ಮೇಳನಕ್ಕೆ ಮೂರು ವಾರ ಇತ್ತು, ಟಿಕೆಟ್ ಆಗಿತ್ತು. ಸಾರಾಂಶ ಆಗಲೇ ಅಚ್ಚಾಗಿದೆ, ಔಷಧದ ಭಾಗ ಮಾತ್ರ ತೋರಿಸೋಣ, ಫೋಟೋ ಬಿಡೋಣ ಎಂದು ಒಬ್ಬರು ಹೇಳಿದರು. ನನಗೂ ಆಗ ಅದೇ ಸರಿ ಅನ್ನಿಸಿತ್ತು, ಒಪ್ಪಿಕೊಳ್ಳುತ್ತೇನೆ. ಮೇಡಂ ಪೋಸ್ಟರ್ ವಾಪಸ್ ತೆಗೆದುಕೊಂಡರು. ಸುಮಾಳನ್ನು ಬರೀ ಕೇಳಿಸಿಕೊಂಡು ಬರಲು ಕಳಿಸಿದರು. ಅವಳು ಎರಡು ದಿನ ಲ್ಯಾಬಿಗೆ ಬಂದಿರಲಿಲ್ಲ. ಆದರೆ ಸಮ್ಮೇಳನಕ್ಕೆ ಹೋದಳು.

ಎರಡನೇ ಸುತ್ತು

ಈಗ ಬಣ್ಣವನ್ನು ತುಂಬುವ ಬದಲು, ಸೈ5 ಎಂಬ ಕೆಂಪು ಬಣ್ಣವನ್ನು ಪಿಎಲ್‌ಜಿಎ ಎಳೆಗೇ ರಾಸಾಯನಿಕವಾಗಿ ಕಟ್ಟಿದಳು. ಎಳೆ ಇರುವವರೆಗೆ ಬಣ್ಣ ಬಿಡುವುದಿಲ್ಲ. ಪೆಪ್ಟೈಡನ್ನೂ ತಯಾರಾದ ಕಣಕ್ಕೆ ಅಂಟಿಸಲಿಲ್ಲ. ಮೊದಲೇ ಎಳೆಗೆ ಕಟ್ಟಿ, ಆ ಎಳೆಯನ್ನು ಉಳಿದ ಎಳೆಗಳ ಜೊತೆ ಅಳತೆ ಮಾಡಿ ಬೆರೆಸಿ, ಆಮೇಲೆ ಕಣ ಮಾಡಿದಳು. ಇದರಿಂದ ದೊಡ್ಡ ಲಾಭವಾಯಿತು: ಒಂದು ಕಣದ ಮೇಲೆ ಎಷ್ಟು ಪೆಪ್ಟೈಡ್ ಎನ್ನುವುದು ಅಂದಾಜಿನ ಮಾತಾಗಿ ಉಳಿಯಲಿಲ್ಲ.

ಈ ಸಲ ಐಸ್ ಮೇಲೆ ಕತ್ತಲೆ. 37 ಡಿಗ್ರಿಯಲ್ಲಿ ಚುಕ್ಕೆಗಳು. ಯು87ನಲ್ಲಿ ಆರ್‌ಜಿಡಿ ಕಣ ಆರ್‌ಎಡಿಗಿಂತ ಜಾಸ್ತಿ ಒಳಗೆ ಹೋಯಿತು, ಎಂಸಿಎಫ್-7ನಲ್ಲಿ ಎರಡೂ ಒಂದೇ. ಮೊದಲೇ ಬಿಡಿ ಆರ್‌ಜಿಡಿ ಸುರಿದು ಇಂಟೆಗ್ರಿನ್‌ಗಳನ್ನು ತುಂಬಿಸಿಬಿಟ್ಟರೆ ಆ ಹೆಚ್ಚಳ ಹೋಗುತ್ತಿತ್ತು. ವ್ಯತ್ಯಾಸ ಹಳೆಯ ಫೋಟೋದಷ್ಟು ದೊಡ್ಡದಲ್ಲ. ಆದರೆ ಇದು ನಿಜವಾದದ್ದು.

ಖುಷಿ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಎಲ್ಲವನ್ನೂ ಹತ್ತು ಶೇಕಡಾ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದ ತಿಳಿ, ಇರುವ ಮೀಡಿಯಂನಲ್ಲಿ ಮಾಡಿದ್ದೆವು. ನಿಜವಾದ ರಕ್ತದಲ್ಲಿ ಪ್ರೋಟೀನು ಅದಕ್ಕಿಂತ ಬಹಳ ಜಾಸ್ತಿ. ಕಣವನ್ನು ಮೊದಲು ನೀರು ಬೆರೆಸದ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ತೆಗೆದ ರಕ್ತದ ದ್ರವದಲ್ಲಿ, ನೆನೆಸಿ ಆಮೇಲೆ ಜೀವಕೋಶದ ಮೇಲೆ ಹಾಕಿದಾಗ ಆರ್‌ಜಿಡಿಗೂ ಆರ್‌ಎಡಿಗೂ ವ್ಯತ್ಯಾಸವೇ ಉಳಿಯಲಿಲ್ಲ. ರಕ್ತಕ್ಕೆ ಇಳಿದ ಕಣದ ಮೈಗೆ ಪ್ರೋಟೀನುಗಳು ಬಂದು ಮೆತ್ತಿಕೊಳ್ಳುತ್ತವೆ, ಹಲಸಿನ ಹಣ್ಣು ಬಿಡಿಸಿದ ಕೈಗೆ ಸಿಕ್ಕಿದ್ದೆಲ್ಲ ಅಂಟುವ ಹಾಗೆ. ಆ ಪದರದ ಕೆಳಗೆ ಪೆಪ್ಟೈಡ್ ಮುಚ್ಚಿಹೋಗುತ್ತದೆ. ಇದು ನಮ್ಮ ಶೋಧವೇನಲ್ಲ. ಟ್ರಾನ್ಸ್‌ಫೆರಿನ್ ಎಂಬ, ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನನ್ನು ಅಂಟಿಸಿದ ಕಣಗಳು ಹೀಗೇ ಗುರಿ ಮರೆಯುತ್ತವೆ ಎಂದು 2013ರಲ್ಲೇ ಡಬ್ಲಿನ್‌ನ ತಂಡವೊಂದು ತೋರಿಸಿತ್ತು. ಆ ಪ್ರಬಂಧ ನಮ್ಮ ಲ್ಯಾಬಿನ ಫೋಲ್ಡರ್‌ನಲ್ಲಿ ಇತ್ತು. ಇತ್ತು, ಅಷ್ಟೇ.

ಪೆಪ್ಟೈಡ್ ಮುಚ್ಚಿಹೋಗುತ್ತಿದ್ದರೆ ಇನ್ನಷ್ಟು ಹಾಕೋಣ ಎಂದು ಸಲಹೆ ಕೊಟ್ಟವನು ನಾನು. ಹಾಕಿದಳು. ಕಣಗಳು ಪ್ಲಾಸ್ಮಾದಲ್ಲಿ ಒಂದಕ್ಕೊಂದು ಅಂಟಿ ಗಂಟಾದವು. ಕಸ ನುಂಗುವ ಮ್ಯಾಕ್ರೋಫೇಜ್ ಜೀವಕೋಶಗಳ ಮೇಲೆ ಹಾಕಿದರೆ ಅವು ಈ ಕಣಗಳನ್ನು ಎಲ್ಲಕ್ಕಿಂತ ಜಾಸ್ತಿ ತಿಂದವು. ಮೈಯಲ್ಲಿ ಇಂಥವೇ ಯಕೃತ್ತಿನಲ್ಲಿ ಸಾಲುಗಟ್ಟಿ ಕೂತಿರುತ್ತವೆ. ನನ್ನ ಸಲಹೆಯಂತೆ ನಡೆದಿದ್ದರೆ ಔಷಧವನ್ನು ಯಕೃತ್ತಿಗೇ ಕಳಿಸಿದಂತಾಗುತ್ತಿತ್ತು.

ಸುಮಾ ಉಲ್ಟಾ ಯೋಚಿಸಿದಳು. ಪೆಪ್ಟೈಡ್ ಕಡಿಮೆ ಮಾಡಿದಳು, ಆದರೆ ಅದನ್ನು ಹೊತ್ತ ಎಳೆಯನ್ನು ಉದ್ದ ಮಾಡಿದಳು. ಸುತ್ತಲಿನ ಪೆಗ್ 2000 ಅಣುತೂಕದ್ದು, ಪೆಪ್ಟೈಡ್ ಇರುವುದು ಮಾತ್ರ 3400. ಗಿಡ್ಡ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಉದ್ದ ತೆನೆ ಎದ್ದ ಹಾಗೆ. ಪ್ಲಾಸ್ಮಾದಲ್ಲಿ ನೆನೆಸಿದ ಮೇಲೂ ವ್ಯತ್ಯಾಸ ಸ್ವಲ್ಪ ಉಳಿಯಿತು. ಪೂರ್ತಿ ಅಲ್ಲ.

ಇಲಿಗಳು

ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಫಾರ್ಮ್ ಬಿ ತುಂಬಿ, ಪ್ರತಿ ಗುಂಪಿಗೆ ಎಷ್ಟು ಇಲಿ, ಯಾಕೆ ಅಷ್ಟೇ ಎಂದು ಬರೆಯಬೇಕು. ಇಲಿಗಳ ಸಂಖ್ಯೆ ಇಳಿಸಿ, ಒಂದು ಗುಂಪು ಬಿಡಿ ಎಂದು ಸಮಿತಿ ಹೇಳಿತು. ಸಾಮಾನ್ಯವಾಗಿ ಎಲ್ಲರೂ ಬಿಡುವುದು ಆರ್‌ಎಡಿ ಗುಂಪನ್ನು. ಬರೀ ಕಣದ ಗುಂಪು ಇದೆಯಲ್ಲ, ಸಾಕಲ್ವಾ ಅಂತ. ನಾವು ಬರೀ ಕಣದ್ದನ್ನು ಬಿಟ್ಟು ಆರ್‌ಎಡಿ ಉಳಿಸಿಕೊಂಡೆವು. ಐಸ್ ಮೇಲಿನ ಪ್ಲೇಟನ್ನು ನೋಡಿರದಿದ್ದರೆ ಈ ಆಯ್ಕೆ ನಮಗೆ ಹೊಳೆಯುತ್ತಲೇ ಇರಲಿಲ್ಲ.

ರೋಗನಿರೋಧಕ ಶಕ್ತಿ ಕಡಿಮೆ ಇರುವ, ಕೂದಲಿಲ್ಲದ ನ್ಯೂಡ್ ಇಲಿಗಳ ಚರ್ಮದ ಕೆಳಗೆ ಯು87 ಗಡ್ಡೆ ಬೆಳೆಸಿ, ಬಾಲದ ನಾಳದಿಂದ ಕಣ ಕೊಟ್ಟೆವು. ಒಂದು ದಿನ ಬಿಟ್ಟು ಇಮೇಜಿಂಗ್ ಯಂತ್ರದಲ್ಲಿ ನೋಡಿದರೆ ಯಕೃತ್ತು, ಗುಲ್ಮ ಬೆಂಕಿಯ ಹಾಗೆ. ಗಡ್ಡೆಯಲ್ಲಿ ಸಣ್ಣ ಬೆಳಕು. ಆರ್‌ಜಿಡಿ ಗುಂಪಿನದ್ದೂ ಆರ್‌ಎಡಿ ಗುಂಪಿನದ್ದೂ ಒಂದೇ.

ಯಕೃತ್ತು ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ. 2016ರಲ್ಲಿ ಟೊರಾಂಟೋದ ತಂಡವೊಂದು ಹತ್ತು ವರ್ಷಗಳ ಪ್ರಬಂಧಗಳನ್ನು ಒಟ್ಟು ಹಾಕಿ ನೋಡಿತ್ತು. ಕೊಟ್ಟ ನ್ಯಾನೋಕಣಗಳಲ್ಲಿ ಗಡ್ಡೆಗೆ ತಲುಪುವ ಪಾಲಿನ ಮಧ್ಯಾಂಕ 0.7 ಶೇಕಡಾ. ನೂರರಲ್ಲಿ ಒಂದೂ ಇಲ್ಲ. ಆದರೆ ಆರ್‌ಜಿಡಿ, ಆರ್‌ಎಡಿ ಎರಡೂ ಒಂದೇ ಅಂದರೆ ಪೆಪ್ಟೈಡಿನಿಂದ ಏನೂ ಆಗಲಿಲ್ಲ ಅಂತಲಾ? ನಾಲ್ಕು ವರ್ಷದ ಕೆಲಸ. ಇನ್ನೊಂದು ಪೆಪ್ಟೈಡ್ ತಗೊಂಡು ಮೊದಲಿಂದ ಶುರು ಮಾಡೋಣ ಎನ್ನುವ ಮಾತೂ ಬಂತು.

ಅಷ್ಟರಲ್ಲಿ ಸುಮಾ ಒಂದು ಹಳೆಯ ಪ್ರಬಂಧ ಹಿಡಿದುಕೊಂಡು ಬಂದಳು. 2007ರಲ್ಲಿ ಕ್ಯಾಲ್‌ಟೆಕ್‌ನ ಮಾರ್ಕ್ ಡೇವಿಸ್ ತಂಡದ್ದು. ಟ್ರಾನ್ಸ್‌ಫೆರಿನ್ ಇದ್ದ ಕಣ, ಇಲ್ಲದ ಕಣ ಎರಡೂ ಇಲಿಯ ಗಡ್ಡೆಗೆ ಒಂದೇ ಪ್ರಮಾಣದಲ್ಲಿ ತಲುಪಿದ್ದವು. ಆದರೆ ಟ್ರಾನ್ಸ್‌ಫೆರಿನ್ ಇದ್ದದ್ದು ಹೆಚ್ಚು ಕೆಲಸ ಮಾಡಿತ್ತು, ಯಾಕೆಂದರೆ ಅದು ಜೀವಕೋಶದ ಒಳಗೆ ಹೋಗಿತ್ತು. "ನಾವು ಬಸ್ಸಲ್ಲಿ ಎಷ್ಟು ಜನ ಊರಿಗೆ ಬಂದ್ರು ಅಂತ ಎಣಿಸ್ತಾ ಇದೀವಿ ಸರ್," ಅಂದಳು. "ಮನೆ ಬಾಗಿಲು ಯಾರಿಗೆ ತೆಗೀತು ಅಂತ ನೋಡೇ ಇಲ್ಲ."

ಡೀಪ್ ಫ್ರೀಜರಿನಲ್ಲಿ ಗಡ್ಡೆಗಳಿದ್ದವು. ತೆಳ್ಳಗೆ ಕೊಯ್ದು, ರಕ್ತನಾಳದ ಗೋಡೆಗೆ ಬೇರೆ ಬಣ್ಣ ಹಾಕಿ ನೋಡಿದೆವು. ಆರ್‌ಎಡಿ ಕಣಗಳು ಹೆಚ್ಚಾಗಿ ನಾಳದ ಹೊರಗೆ, ಜೀವಕೋಶಗಳ ನಡುವಿನ ಸಂದಿಯಲ್ಲಿ, ಇಲ್ಲವೇ ಮ್ಯಾಕ್ರೋಫೇಜ್‌ಗಳ ಹೊಟ್ಟೆಯಲ್ಲಿ. ಆರ್‌ಜಿಡಿ ಕಣಗಳು ನಾಳದ ಗೋಡೆಯ ಜೀವಕೋಶಗಳಲ್ಲಿ ಮತ್ತು ಅದರ ಪಕ್ಕದ ಗಡ್ಡೆಯ ಜೀವಕೋಶಗಳ ಒಳಗೆ. ನಾಳದಿಂದ ದೂರದಲ್ಲಿ ಎರಡೂ ಇಲ್ಲ. ಔಷಧ ತುಂಬಿ ಕೊಟ್ಟಾಗ ಆರ್‌ಜಿಡಿ ಗುಂಪಿನ ಗಡ್ಡೆಗಳು ಆರ್‌ಎಡಿ ಗುಂಪಿಗಿಂತ ನಿಧಾನವಾಗಿ ಬೆಳೆದವು. ಬೆಳೆದವು ಅನ್ನುವುದನ್ನು ಗಮನಿಸಿ. ಯಾವ ಇಲಿಯೂ ಗುಣವಾಗಲಿಲ್ಲ.

ಆಮೇಲೆ

ಪ್ರಬಂಧವನ್ನು ಮೊದಲ ಪತ್ರಿಕೆ ಹಿಂದಿರುಗಿಸಿತು, ಹೊಸತನ ಸಾಲದು ಎಂದು. ಎರಡನೆಯದು ತಗೊಂಡಿತು. ಥೀಸಿಸ್‌ನ ಶೀರ್ಷಿಕೆಯಿಂದ ಸುಮಾ "ಗುರಿ" ಎಂಬ ಪದವನ್ನೇ ತೆಗೆದಳು. ಅದರ ಜಾಗದಲ್ಲಿ "ಜೀವಕೋಶದೊಳಗೆ ಸೇರುವಿಕೆ" ಬಂತು. ಐಸ್ ಪ್ಲೇಟಿನ ಫೋಟೋ ಅನುಬಂಧಕ್ಕೆ ಹೋಗಲಿ ಎಂದು ನಾವು ಹೇಳಿದರೂ ಕೇಳದೆ ಎರಡನೇ ಅಧ್ಯಾಯದಲ್ಲೇ ಹಾಕಿದಳು.

ಪೆಪ್ಟೈಡ್‌ಗೆ ದಾರಿ ತೋರಿಸುವ ಶಕ್ತಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಲುಟೀಷಿಯಂ-177 ಎಂಬ ವಿಕಿರಣ ಸೂಸುವ ಲೋಹ ಕಟ್ಟಿದ ಡೋಟಾಟೇಟ್ ಎಂಬ ಪೆಪ್ಟೈಡ್ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ, ಹಾರ್ಮೋನು ಸ್ರವಿಸುವ ಜೀವಕೋಶಗಳಲ್ಲಿ ಹುಟ್ಟುವ ಕೆಲವು ನ್ಯೂರೋಎಂಡೋಕ್ರೈನ್ ಗಡ್ಡೆಗಳಿಗೆ ನಮ್ಮ ದೇಶದಲ್ಲೂ ಕೊಡುತ್ತಾರೆ. ಆದರೆ ಅಲ್ಲಿ ಕಣ ಇಲ್ಲ. ಅಣು ಚಿಕ್ಕದು, ನಾಳದಿಂದ ಬೇಗ ಹೊರಗೆ ಬರುತ್ತದೆ, ಉಳಿದದ್ದು ಬೇಗ ಮೂತ್ರದಲ್ಲಿ ಹೋಗುತ್ತದೆ. 150 ನ್ಯಾನೋಮೀಟರ್‌ನ ಕಣ ಮೂತ್ರಪಿಂಡದ ಜರಡಿ ದಾಟುವುದಿಲ್ಲ, ನಾಳದಿಂದ ಹೊರಗೆ ಬರುವುದೂ ಕಷ್ಟ. ಮೈಮೇಲೆ ಅದೇ ಜಾತಿಯ ಪೆಪ್ಟೈಡ್ ಕಟ್ಟಿದರೂ ಅದರ ಪಯಣವೇ ಬೇರೆ. ಇತ್ತ, ಆರ್‌ಜಿಡಿ ಗುಂಪಿನದೇ ಆದ ಸಿಲೆಂಗಿಟೈಡ್ ಎಂಬ ಔಷಧ, ಕಣವಿಲ್ಲದೆ ಕೊಟ್ಟರೂ, ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಇರುವ ರೋಗಿಗಳ ದೊಡ್ಡ ಪ್ರಯೋಗದಲ್ಲಿ ಆಯುಸ್ಸನ್ನು ಹೆಚ್ಚಿಸಲಿಲ್ಲ. ಅದರ ವರದಿ 2014ರಲ್ಲಿ ಬಂತು. ಇಂಟೆಗ್ರಿನ್ ಹಿಡಿದರೆ ಗೆದ್ದ ಹಾಗೆ ಅಂದುಕೊಳ್ಳುವವರು ಅದನ್ನು ಒಮ್ಮೆ ಓದಬೇಕು.

ನನ್ನನ್ನು ಕೇಳಿದರೆ, ಈ ಪ್ರಕರಣದ ತಿರುವು ಐಸ್ ಪ್ಲೇಟೂ ಅಲ್ಲ, ಕೊಯ್ದ ಗಡ್ಡೆಯೂ ಅಲ್ಲ. ಪೋಸ್ಟರ್ ವಾಪಸ್ ತೆಗೆದ ದಿನ. ಅರ್ಧ ತೋರಿಸಿ ಬಂದಿದ್ದರೆ ಆ ಫೋಟೋ ಎಲ್ಲೋ ಒಂದು ಕಡೆ ಉಳಿದಿರುತ್ತಿತ್ತು. ಉಳಿದ ಮೇಲೆ ಅದನ್ನು ಕಾಪಾಡುವ ಕೆಲಸ ಶುರುವಾಗುತ್ತಿತ್ತು, ಆಮೇಲಿನ ಇಲಿಗಳನ್ನೂ ಅದಕ್ಕೆ ತಕ್ಕ ಹಾಗೆ ಆರಿಸುತ್ತಿದ್ದೆವು. ಎರಡನೆಯದು, ಮುಂಚೆಯೇ ಮಾಡಬಹುದಿತ್ತು ಅನ್ನಿಸುವುದು: ಆರ್‌ಎಡಿ ಬಾಟಲಿಯನ್ನು ಆರ್‌ಜಿಡಿ ಜೊತೆಗೇ ತರಿಸಬೇಕಿತ್ತು. ದುಡ್ಡು ಉಳಿಸಲೆಂದು ಬಿಟ್ಟಿದ್ದೆವು. ಉಳಿದದ್ದು ಒಂದು ಬಾಟಲಿಯ ದುಡ್ಡು, ಹೋದದ್ದು ಒಂದು ವರ್ಷದ ಫೆಲೋಶಿಪ್. ಮೂರನೆಯದು, ನಮ್ಮ ಯು87 ಗಡ್ಡೆ ಬೆಳೆದದ್ದು ಇಲಿಯ ಸೊಂಟದ ಚರ್ಮದ ಕೆಳಗೆ. ಮಿದುಳಿನ ಗಡ್ಡೆಯ ಮಾತಾಡುತ್ತಾ ಮಿದುಳಿಗೆ ನಾವು ಹೋಗಲೇ ಇಲ್ಲ. ಅಲ್ಲಿ ರಕ್ತ ಮತ್ತು ಮಿದುಳಿನ ನಡುವೆ ಬೇರೆಯದೇ ಗೋಡೆ ಇದೆ. ಥೀಸಿಸ್ ವೈವಾದಲ್ಲಿ ಇದನ್ನು ಕೇಳಿದಾಗ ಸುಮಾ, "ನನ್ನ ಹತ್ತಿರ ಉತ್ತರ ಇಲ್ಲ ಸರ್, ಪ್ರಯೋಗ ಮಾಡಿಲ್ಲ" ಎಂದಳು.

ಅವಳ ಜೂನಿಯರ್ ಒಬ್ಬ ಈಗ ಅದನ್ನು ಮಾಡುತ್ತಿದ್ದಾನೆ. ಹೋದ ತಿಂಗಳು ಫೋನ್ ಮಾಡಿದ್ದ. ಪೆಪ್ಟೈಡ್ ಬಂದಿದೆಯಂತೆ, ಎರಡು ಬಾಟಲಿ.